ಮೆಡಿಕಲ್ ಅಸಿಸ್ಟೆಂಟ್ ಆಗುವ ಮುಂಚೆ ಹಾಕಿದ ಲೆಕ್ಕ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ನನ್ನನ್ನು ಆಗಾಗ ಕೇಳುವುದು ಒಂದೇ ಪ್ರಶ್ನೆ: "ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಮಾಡಿದ್ರಲ್ಲ, ಗಿಟ್ಟುತ್ತಾ?" ಎಚ್-4 ವೀಸಾದಲ್ಲಿ (ಎಚ್-1ಬಿ ಎಂಬ ಕೆಲಸದ ವೀಸಾ ಇರುವವರ ಗಂಡ ಅಥವಾ ಹೆಂಡತಿಗೆ ಸಿಗುವುದು) ಬಂದು, ಮಗುವಾಗಿ, ಕೆಲವು ವರ್ಷ ಮನೆಯಲ್ಲೇ ಕಳೆದು, ಕೊನೆಗೂ ಕೆಲಸದ ಪರವಾನಗಿ ಕೈಗೆ ಬಂದವರು ಕೇಳುವ ಪ್ರಶ್ನೆ ಇದು. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ಎಲ್ಲಿ ಓದುತ್ತೀರಿ, ಮಗುವಿಗೆ ಎಷ್ಟು ವಯಸ್ಸು, ಗಂಡನ ಸಂಬಳ ಯಾವ ತೆರಿಗೆ ಹಂತದಲ್ಲಿದೆ, ಇವೆಲ್ಲ ಗೊತ್ತಾಗದೆ ಉತ್ತರವಿಲ್ಲ. ಹಾಗಾಗಿ 2024ರ ಬೇಸಿಗೆಗೆ ಮುಂಚೆ ನಾನು ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಂಕಿಗಳು ಬೇರೆ ಇರಬಹುದು. ಲೆಕ್ಕ ಹಾಕುವ ಬಗೆ ನಿಮಗೂ ಉಪಯೋಗಕ್ಕೆ ಬಂದೀತು.

ನಾನು ಓದಿದ್ದು ಬಿ.ಎಸ್ಸಿ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಮದುವೆಗೆ ಮುಂಚೆ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಇಲ್ಲಿ ಬಂದ ಮೇಲೆ ಬಹಳ ಜನ ಹೇಳಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ ಎಂದು. ನನಗೆ ಜೀವಶಾಸ್ತ್ರ ಬಿಡಲು ಇಷ್ಟವಿರಲಿಲ್ಲ. ಮಗನ ಲಸಿಕೆಗೆಂದು ಹೋದಾಗಲೆಲ್ಲ ಡಾಕ್ಟರ್ ಬರುವುದಕ್ಕೆ ಮುಂಚೆ ತೂಕ, ಎತ್ತರ, ಜ್ವರ ನೋಡಿ, ಕಂಪ್ಯೂಟರಿಗೆ ತುಂಬಿಸಿ, ಕೊನೆಗೆ ಚುಚ್ಚುಮದ್ದನ್ನೂ ಕೊಟ್ಟು ಕಳಿಸುತ್ತಿದ್ದವಳು ನರ್ಸ್ ಎಂದೇ ನಾನು ತಿಳಿದಿದ್ದೆ. ಕೇಳಿದರೆ "ನಾನು ಎಂಎ" ಎಂದಳು. ಮೆಡಿಕಲ್ ಅಸಿಸ್ಟೆಂಟ್. ಬಿಪಿ ನೋಡುವುದು, ಇಸಿಜಿ ತೆಗೆಯುವುದು, ರಕ್ತ ಸೆಳೆಯುವುದು, ಔಷಧಿ ಮರುಪೂರಣದ ಕೋರಿಕೆ ನೋಡುವುದು, ವಿಮೆ ಕಂಪನಿಯಿಂದ ಪೂರ್ವಾನುಮತಿ ತರಿಸುವುದು, ಎಲ್ಲವೂ ಅವರ ಪಾಲಿಗೆ ಬರುತ್ತದೆ. ಅಮ್ಮ ತಿಪಟೂರಿನಿಂದ ಫೋನಿನಲ್ಲಿ, "ಬಿಎಸ್ಸಿ ಓದ್ಸಿದ್ದು ಕಾಂಪೌಂಡರ್ ಆಗೋಕೇನೆ?" ಎಂದು ಕೇಳಿದಳು. "ಡಾಕ್ಟ್ರ ಪಕ್ಕದಲ್ಲಿ ನಿಂತು ಕಲಿಯೋದು ತುಂಬ ಇದೆ ಕಣಮ್ಮ" ಎಂದೆ. ಅವಳು ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಮೊದಲು ಸಂಬಳದ ಮಾತು. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ಪ್ರತಿ ವೃತ್ತಿಗೂ ಲೆಕ್ಕ ಕೊಡುತ್ತದೆ. 2023ರ ಮೇ ತಿಂಗಳಿನ ಲೆಕ್ಕದಲ್ಲಿ ಮೆಡಿಕಲ್ ಅಸಿಸ್ಟೆಂಟರ ಮಧ್ಯಮ ವಾರ್ಷಿಕ ವೇತನ 42,000 ಡಾಲರ್, ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನರಿಗೆ ಕಡಿಮೆ. 2024ರಲ್ಲಿ ಅದು 44,200 ಆಯಿತು. ನಮ್ಮ ಸುತ್ತಮುತ್ತಲಿನ ಕ್ಲಿನಿಕ್‌ಗಳ ಜಾಹೀರಾತು ನೋಡಿದರೆ ಹೊಸಬರಿಗೆ ಗಂಟೆಗೆ 21 ಡಾಲರ್ ಸಾಮಾನ್ಯವಾಗಿತ್ತು. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 43,680. ಅದನ್ನು ಆಗಿನ ದರದಲ್ಲಿ ರೂಪಾಯಿಗೆ ಗುಣಿಸಿದರೆ ಸುಮಾರು 36 ಲಕ್ಷ. ಊರಿನಲ್ಲಿ ಈ ಅಂಕಿ ಹೇಳಿದರೆ ಯಾರಾದರೂ ಕಣ್ಣರಳಿಸುತ್ತಾರೆ. ಆದರೆ ನಮ್ಮ ಬಾಡಿಗೆ, ಹಾಲು, ಪೆಟ್ರೋಲು, ಮಗುವಿನ ಶಾಲೆ ಯಾವುದೂ ರೂಪಾಯಿಯಲ್ಲಿಲ್ಲ. ದಯವಿಟ್ಟು ಈ ಗುಣಾಕಾರ ಮಾಡಬೇಡಿ. ಕೋರ್ಸ್ ಮಾರುವವರಿಗೂ ನಮ್ಮ ಈ ಅಭ್ಯಾಸ ಚೆನ್ನಾಗಿ ಗೊತ್ತಿದೆ.

ಗಂಡನ ಸಂಬಳದ ಮೇಲೆ ಬರುವ ಎರಡನೇ ಸಂಬಳಕ್ಕೆ ತೆರಿಗೆ ಬೀಳುವ ಬಗೆಯೇ ಬೇರೆ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ಸ್ ಸಲ್ಲಿಸುವಾಗ ನನ್ನ ಮೊದಲ ಡಾಲರ್ ನಮ್ಮವರ ಕೊನೆಯ ಡಾಲರಿನ ಮೇಲೆ ಹೋಗಿ ಕೂರುತ್ತದೆ. ನಮ್ಮ ಮನೆಯಲ್ಲಿ ಅದು ಕೇಂದ್ರ ತೆರಿಗೆಯ 22 ಶೇಕಡಾ ಹಂತ, ಕ್ಯಾಲಿಫೋರ್ನಿಯಾ ರಾಜ್ಯದ 9.3 ಶೇಕಡಾ ಹಂತ. ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಸೇರಿ 7.65. ರಾಜ್ಯದ ಅಂಗವೈಕಲ್ಯ ವಿಮೆಗೆ ಇನ್ನೊಂದಿಷ್ಟು. ಒಟ್ಟು ಹತ್ತಿರ ಹತ್ತಿರ 40 ಸೆಂಟು ಪ್ರತಿ ಡಾಲರಿನಲ್ಲೂ ಹೋಗುತ್ತದೆ. ಗಂಟೆಗೆ 21 ಡಾಲರ್ ಎಂದರೆ ಕೈಗೆ 12 ಡಾಲರ್ 60 ಸೆಂಟು. ತಿಂಗಳಿಗೆ 2,184.

ಆಗ ಮಗನಿಗೆ ಮೂರು ವರ್ಷ. ಪೂರ್ತಿ ದಿನದ ಪ್ರಿಸ್ಕೂಲಿಗೆ ನಮ್ಮ ಬಡಾವಣೆಯಲ್ಲಿ ತಿಂಗಳಿಗೆ 1,900 ಡಾಲರ್ ಕೇಳುತ್ತಿದ್ದರು. 2,184ರಲ್ಲಿ ಅದನ್ನು ಕಳೆದರೆ ಉಳಿಯುವುದು 284. ಕೆಲಸಕ್ಕೆ ಹೋಗಲು ಎರಡನೇ ಕಾರು ಬೇಕು, ಅದಕ್ಕೆ ವಿಮೆ, ಪೆಟ್ರೋಲು. ಅಲ್ಲಿಗೆ ಮುಗಿಯಿತು. ಇಡೀ ತಿಂಗಳು ನಿಂತು ದುಡಿದರೂ ಮನೆಗೆ ಒಂದು ಡಾಲರ್ ಉಳಿಯುವುದಿಲ್ಲ.

ನಮ್ಮವರು ಕಾಗದ ನೋಡಿ, "ಹಾಗಿದ್ರೆ ಬಿಟ್ಟುಬಿಡು, ಇನ್ನೆರಡು ವರ್ಷ ಬಿಟ್ಟು ನೋಡೋಣ" ಎಂದರು. ನನಗೆ ಕಂಡದ್ದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2025-26ರ ಶಾಲಾ ವರ್ಷದಿಂದ, ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬುವ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಟಿಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಉಚಿತ. ಮಗನಿಗೆ ಅದಕ್ಕೆ ಸರಿಯಾಗಿ ವಯಸ್ಸಾಗುತ್ತಿತ್ತು. ಆಮೇಲೆ ಶಾಲೆ ಬಿಟ್ಟ ಮೇಲಿನ ಆರೈಕೆಗೆ ಮಾತ್ರ ದುಡ್ಡು, ಸುಮಾರು 800. ಅದೇ 2,184ರಲ್ಲಿ ಆಗ 1,384 ಉಳಿಯುತ್ತದೆ. ಕೆಲಸ ಗಿಟ್ಟುವುದು 2025ರ ಆಗಸ್ಟಿನ ನಂತರ ಎಂದಾದರೆ, ಅದಕ್ಕೆ ಮುಂಚಿನ ಒಂದು ವರ್ಷವೇ ಓದುವ ವರ್ಷ. ದಿನ ಸುಮ್ಮನೆ ಕಳೆಯುವ ಬದಲು ಸರ್ಟಿಫಿಕೇಟ್ ಕೈಗೆ ಬರಬೇಕು. ಈ ಒಂದು ತೀರ್ಮಾನ ಆದ ಮೇಲೆ ಮಿಕ್ಕ ಎಷ್ಟೋ ಪ್ರಶ್ನೆಗಳು ತಾವೇ ಬಗೆಹರಿದವು.

ಎಲ್ಲಿ ಓದುವುದು? ಫ್ರೀವೇ ಪಕ್ಕದ ಒಂದು ಖಾಸಗಿ ಸಂಸ್ಥೆಗೆ ವಿಚಾರಿಸಲು ಹೋದೆ. ಒಂಬತ್ತು ತಿಂಗಳ ಕೋರ್ಸ್, ಯಾವ ತಿಂಗಳಾದರೂ ಸೇರಬಹುದು, ಸಂಜೆ ತರಗತಿ, ಶುಲ್ಕ 19,000 ಡಾಲರಿಗಿಂತ ಮೇಲೆ. ಎದುರು ಕೂತ ಕೌನ್ಸೆಲರ್ ಶುಲ್ಕದ ಮಾತು ಬಂದಾಗಲೆಲ್ಲ ತಿಂಗಳ ಕಂತಿನ ಮಾತಾಡುತ್ತಿದ್ದಳು, ಒಟ್ಟು ಮೊತ್ತ ಹೇಳಲು ನಾನು ಮತ್ತೆ ಮತ್ತೆ ಕೇಳಬೇಕಾಯಿತು. ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಎಂದಳು. ಪೆಲ್ ಗ್ರ್ಯಾಂಟ್ ಎಂಬ ಸರ್ಕಾರಿ ಸಹಾಯಧನ ಸಿಗುತ್ತದೆ, ವರ್ಷಕ್ಕೆ 7,395 ಡಾಲರ್‌ವರೆಗೆ, ಎಂದೂ ಹೇಳಿದಳು. ಎಚ್-4ನಲ್ಲಿರುವವರಿಗೆ ಅದು ಸಿಗುವುದಿಲ್ಲ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ. ನಾನು ವೀಸಾ ಹೇಳಿದ ಮೇಲೆ ಖಾಸಗಿ ಸಾಲದ ಅರ್ಜಿ ತೆಗೆದಳು.

ಇಂಥ ಕಡೆ ಸಹಿ ಹಾಕುವ ಮುಂಚೆ ಕೊರಿಂಥಿಯನ್ ಕಾಲೇಜುಗಳ ಕಥೆ ತಿಳಿದಿರಬೇಕು. ಎವರೆಸ್ಟ್, ಹೀಲ್ಡ್ ಎಂಬ ಹೆಸರುಗಳಲ್ಲಿ ದೇಶದ ಉದ್ದಗಲಕ್ಕೂ ಶಾಖೆ ತೆರೆದು ಮೆಡಿಕಲ್ ಅಸಿಸ್ಟಿಂಗ್‌ನಂಥ ಕೋರ್ಸುಗಳನ್ನು ಮಾರಿದ ಈ ಕ್ಯಾಲಿಫೋರ್ನಿಯಾದ ಕಂಪನಿ 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಕೆಲಸ ಸಿಕ್ಕವರ ಪ್ರಮಾಣವನ್ನು ಉಬ್ಬಿಸಿ ಹೇಳಿತ್ತು ಎಂಬುದು ಸಾಬೀತಾಗಿ, 2022ರ ಜೂನ್‌ನಲ್ಲಿ ಶಿಕ್ಷಣ ಇಲಾಖೆ 5 ಲಕ್ಷ 60 ಸಾವಿರ ವಿದ್ಯಾರ್ಥಿಗಳ 580 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ಅಷ್ಟು ವರ್ಷ ಆ ಸಾಲ ಹೊತ್ತವರಲ್ಲಿ ಬಹಳ ಮಂದಿ ನಮ್ಮಂತೆಯೇ ಬೇಗ ಕೆಲಸ ಬೇಕು ಎಂದು ಹೋದವರು.

ಖಾಸಗಿ ಸಂಸ್ಥೆಗಳೆಲ್ಲ ಹಾಗೆಯೇ ಎಂದು ನಾನು ಹೇಳುವುದಿಲ್ಲ. ಕೆಲವಕ್ಕೆ ಒಳ್ಳೆಯ ಮಾನ್ಯತೆ ಇದೆ. ಮಾನ್ಯತೆ ಎಂದರೆ ಇಡೀ ಸಂಸ್ಥೆಗೆ ಸಿಕ್ಕಿರುವುದಲ್ಲ, ಮೆಡಿಕಲ್ ಅಸಿಸ್ಟಿಂಗ್ ಕೋರ್ಸಿಗೇ ಸಿಎಎಎಚ್‌ಇಪಿ ಅಥವಾ ಎಬಿಎಚ್‌ಇಎಸ್ ಎಂಬ ಮಾನ್ಯತಾ ಮಂಡಳಿಗಳು ಕೊಟ್ಟಿರುವುದು. ಆ ಮಾನ್ಯತೆ ಇರುವ ಕಡೆ ಓದಿದವರಿಗೆ ಸಿಎಂಎ, ಅಂದರೆ ಸರ್ಟಿಫೈಡ್ ಮೆಡಿಕಲ್ ಅಸಿಸ್ಟೆಂಟ್ ಎಂಬ ಪ್ರಮಾಣಪತ್ರದ ಪರೀಕ್ಷೆಗೆ ನೇರ ದಾರಿ ಇದೆ. ಇಲ್ಲದಿದ್ದರೂ ಸಿಸಿಎಂಎಯಂಥ ಬೇರೆ ಪರೀಕ್ಷೆಗಳಿವೆ, ಬಹಳ ಕ್ಲಿನಿಕ್‌ಗಳು ಅದನ್ನೂ ಒಪ್ಪುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯ ಇವರಿಗೆ ಲೈಸೆನ್ಸ್ ಕೇಳುವುದಿಲ್ಲ, ವಾಷಿಂಗ್ಟನ್ ರಾಜ್ಯ ಕೇಳುತ್ತದೆ. ನಾಳೆ ಗಂಡನ ಕೆಲಸ ಸಿಯಾಟಲ್‌ಗೆ ಹೋದರೆ ಎಂಬ ಯೋಚನೆಯೂ ಇರಲಿ. ಎಚ್-1ಬಿ ಮನೆಗಳಲ್ಲಿ ಇದು ಆಗಾಗ ಆಗುವ ಮಾತೇ.

ನಮ್ಮ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಅದೇ ವಿದ್ಯೆಗೆ ಶುಲ್ಕ ಯೂನಿಟ್ಟಿಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್ಟಿಗೆ, 46 ಡಾಲರ್. ಕ್ಯಾಲಿಫೋರ್ನಿಯಾದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ರಾಜ್ಯದ ನಿವಾಸಿಗಳಿಗೆ ಇದೇ ದರ. ಎಚ್-4 ವೀಸಾದವರೂ ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ನೆಲೆಸಿ, ಇಲ್ಲೇ ಇರುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ನಿವಾಸಿ ದರ ಸಿಗುತ್ತದೆ. ಬಾಡಿಗೆ ಕರಾರು, ರಾಜ್ಯ ತೆರಿಗೆ ರಿಟರ್ನ್ಸ್, ಡ್ರೈವಿಂಗ್ ಲೈಸೆನ್ಸ್, ಇವನ್ನು ಅರ್ಜಿಗೆ ಮುಂಚೆಯೇ ಜೋಡಿಸಿಕೊಳ್ಳಿ. ನಿವಾಸಿ ಅಲ್ಲ ಎಂದು ನಮೂದಾದರೆ ಶುಲ್ಕ ಹಲವು ಪಟ್ಟು ಏರುತ್ತದೆ. ಸರ್ಟಿಫಿಕೇಟಿಗೆ 30 ಯೂನಿಟ್, ಅಂದರೆ 1,380 ಡಾಲರ್. ಖಾಸಗಿ ಸಂಸ್ಥೆಗೂ ಇದಕ್ಕೂ ಇರುವ ಅಂತರ 17,000 ಡಾಲರಿಗಿಂತ ಹೆಚ್ಚು. ಖಾಸಗಿಯಲ್ಲಿ ಸೇರಿದರೆ ಕೆಲವು ತಿಂಗಳು ಬೇಗ ಮುಗಿಯುತ್ತಿತ್ತು ನಿಜ. ಆದರೆ ಮಗ ಟಿಕೆಗೆ ಹೋಗುವವರೆಗೆ ಆ ಬೇಗ ಬಂದ ತಿಂಗಳುಗಳ ಬೆಲೆ ತಿಂಗಳಿಗೆ ಹೆಚ್ಚೆಂದರೆ 284. ಅಷ್ಟಕ್ಕೆ 17,000 ಕೊಡುವುದೇ?

ಇನ್ನು ಡಿಗ್ರಿಯ ಮಾತು. ಅದೇ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೂ ಇತ್ತು. 60 ಯೂನಿಟ್, 2,760 ಡಾಲರ್. ಶುಲ್ಕದಲ್ಲಿ ವ್ಯತ್ಯಾಸ 1,380 ಮಾತ್ರ, ಡಿಗ್ರಿಯನ್ನೇ ಮಾಡಿಬಿಡು ಎಂದು ಸುಮಾರು ಜನ ಹೇಳಿದರು. ಡಿಗ್ರಿ ಎಂಬ ಹೆಸರಿಗೆ ನಮ್ಮಲ್ಲಿ ಇರುವ ಗೌರವ ನನಗೂ ಇದೆ. ಆದರೆ ಕೆಲಸದ ಜಾಹೀರಾತುಗಳನ್ನು ಓದುತ್ತಾ ಹೋದರೆ ಎಲ್ಲ ಕಡೆ ಒಂದೇ ಬೇಡಿಕೆ: ಹೈಸ್ಕೂಲ್, ಮೆಡಿಕಲ್ ಅಸಿಸ್ಟಿಂಗ್ ತರಬೇತಿ, ಪ್ರಮಾಣಪತ್ರ, ಬಿಎಲ್‌ಎಸ್ ಎಂಬ ತುರ್ತು ಜೀವರಕ್ಷಣೆ ತರಬೇತಿಯ ಕಾರ್ಡ್. ಅಸೋಸಿಯೇಟ್ ಡಿಗ್ರಿ ಇದ್ದರೆ ಗಂಟೆಗೆ ಇಷ್ಟು ಹೆಚ್ಚು ಎಂಬ ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ. ಪರೀಕ್ಷೆಯೂ ಎರಡಕ್ಕೂ ಒಂದೇ. ಹಾಗಾದರೆ ಎರಡನೇ ವರ್ಷದ ನಿಜವಾದ ಬೆಲೆ 1,380 ಅಲ್ಲ. ಆ ವರ್ಷ ದುಡಿಯಬಹುದಾಗಿದ್ದ ಸಂಬಳ. ಮಗ ಶಾಲೆಗೆ ಹೋಗುವ ವರ್ಷವದು, ತಿಂಗಳಿಗೆ 1,384ರಂತೆ ಹದಿನಾರು ಸಾವಿರ ಡಾಲರಿಗೂ ಮೇಲೆ. ಸಾಲದ್ದಕ್ಕೆ ಆ ಎರಡನೇ ವರ್ಷದ ಇಂಗ್ಲಿಷ್, ಗಣಿತ, ಸಮಾಜಶಾಸ್ತ್ರದ ಬಹುಪಾಲು ನಾನು ಬಿ.ಎಸ್ಸಿ.ಯಲ್ಲಿ ಓದಿ ಬಂದದ್ದೇ. ಅಂಕಪಟ್ಟಿಗಳನ್ನು ಇಲ್ಲಿಯ ಮೌಲ್ಯಮಾಪನ ಸಂಸ್ಥೆಗೆ ಕಳಿಸಿ ವರದಿ ತರಿಸಿಕೊಂಡೆ. ಸರ್ಟಿಫಿಕೇಟ್ ಸಾಕು ಎಂದು ತೀರ್ಮಾನಿಸಿದೆ.

ಕಾಣದ ಖರ್ಚುಗಳೂ ಇವೆ. ಪುಸ್ತಕ, ಸ್ಕ್ರಬ್ಸ್, ಸ್ಟೆತಸ್ಕೋಪ್, ಹಿನ್ನೆಲೆ ತಪಾಸಣೆ, ಬಿಎಲ್‌ಎಸ್ ತರಬೇತಿ, ಪರೀಕ್ಷಾ ಶುಲ್ಕ, ಎಲ್ಲ ಸೇರಿ ಸಾವಿರ ಡಾಲರಿನ ಆಸುಪಾಸು. ನಮ್ಮ ಕಡೆಯಿಂದ ಬಂದವರಿಗೆ ಲಸಿಕೆಯ ದಾಖಲೆಯೇ ದೊಡ್ಡ ಕೆಲಸ. ನಮ್ಮ ಬಾಲ್ಯದ ಲಸಿಕೆ ಕಾರ್ಡ್ ಯಾರ ಮನೆಯಲ್ಲಿದೆ? ದಡಾರ, ಸೀತಾಳ ಸಿಡುಬಿನ (ಚಿಕನ್‌ಪಾಕ್ಸ್) ರೋಗನಿರೋಧಕ ಶಕ್ತಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ಕ್ಷಯದ ಚರ್ಮ ಪರೀಕ್ಷೆ ಎಂದು ಮುಂಗೈಗೆ ಚುಚ್ಚಿದರೆ, ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ರೋಗವಿಲ್ಲದೆಯೂ ಊದಿಕೊಳ್ಳಬಹುದು, ಆಮೇಲೆ ಎಕ್ಸ್-ರೇ ಅಲೆದಾಟ. ತೋಳಿನ ಮೇಲಿನ ಬಿಸಿಜಿ ಕಲೆ ತೋರಿಸಿ, ಮೊದಲೇ ಕ್ವಾಂಟಿಫೆರಾನ್ ಎಂಬ ರಕ್ತ ಪರೀಕ್ಷೆಯನ್ನೇ ಕೇಳಿ. ಬಿಸಿಜಿಯ ಪರಿಣಾಮ ಅದರ ಮೇಲೆ ಆಗುವುದಿಲ್ಲ.

ತರಗತಿಗಳು ಸಂಜೆ ಮತ್ತು ಶನಿವಾರ. ನಮ್ಮವರು ಆ ಹೊತ್ತಿನಲ್ಲಿ ಮಗನನ್ನು ನೋಡಿಕೊಂಡರು, ಅದಕ್ಕಾಗಿಯೇ ಪ್ರಿಸ್ಕೂಲ್ ಖರ್ಚು ತಪ್ಪಿತು. ತರಗತಿಯಲ್ಲಿ ಮೆಕ್ಸಿಕೋ, ಫಿಲಿಪೀನ್ಸ್, ಅಫ್ಘಾನಿಸ್ತಾನ ಮೂಲದ ಹೆಂಗಸರಿದ್ದರು. ಅವರಲ್ಲೊಬ್ಬಳು ಮುಂಚೆ ಒಂದು ಖಾಸಗಿ ಸಂಸ್ಥೆಯಲ್ಲಿ ಅರ್ಧ ಓದಿ, ಸಾಲದ ಭಾರ ತಾಳದೆ ಬಿಟ್ಟು ಬಂದಿದ್ದಳು. ಅಲ್ಲಿಯ ಒಂದು ಕ್ರೆಡಿಟ್ಟನ್ನೂ ಇಲ್ಲಿ ಒಪ್ಪಲಿಲ್ಲ. ಓದು ಮೊದಲಿನಿಂದ, ಸಾಲ ಮಾತ್ರ ಹಳೆಯದೇ. ಅವಳು ರಾತ್ರಿ ಪಾಳಿಯಲ್ಲಿ ದುಡಿದು ಬಂದು ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದಳು.

ರಕ್ತ ಸೆಳೆಯುವ ಪಾಠ ನನಗೆ ತುಂಬ ಹಿಡಿಸಿತು. ಮೊದಲು ರಬ್ಬರಿನ ತೋಳು, ಆಮೇಲೆ ಒಬ್ಬರ ತೋಳು ಇನ್ನೊಬ್ಬರಿಗೆ. ಟೂರ್ನಿಕೆ ಎಂಬ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ಬೆರಳಿನಿಂದ ರಕ್ತನಾಳ ಹುಡುಕಬೇಕು, ಕಣ್ಣಿನಿಂದಲ್ಲ. ಸಿಕ್ಕ ರಕ್ತನಾಳ ಬೆರಳಿಗೆ ಮೆತ್ತಗೆ ಪುಟಿಯುತ್ತದೆ. ಟ್ಯೂಬುಗಳಿಗೂ ಒಂದು ಕ್ರಮ ಇದೆ: ತಿಳಿನೀಲಿ, ಕೆಂಪು, ಹಳದಿ, ಹಸಿರು, ನೇರಳೆ, ಬೂದು. ನೇರಳೆ ಟ್ಯೂಬಿನ ರಾಸಾಯನಿಕ ಹಸಿರಿಗೆ ಸೋಕಿದರೆ ಪೊಟ್ಯಾಸಿಯಂ ಪರೀಕ್ಷೆಯ ಫಲಿತಾಂಶವೇ ಕೆಡುತ್ತದೆ. ಕೆಮಿಸ್ಟ್ರಿ ಓದಿದ್ದು ಅಲ್ಲಿ ಕೈಹಿಡಿಯಿತು. ಕ್ಯಾಲಿಫೋರ್ನಿಯಾದ ನಿಯಮದಂತೆ ಇಂಜೆಕ್ಷನ್‌ಗೆ ಕನಿಷ್ಠ 10 ಗಂಟೆ, ರಕ್ತ ಸೆಳೆಯುವುದಕ್ಕೆ 10 ಗಂಟೆ ತರಬೇತಿ ಆಗಿರಲೇಬೇಕು, ಒಂದೊಂದನ್ನೂ ಹತ್ತು ಸಲ ಸರಿಯಾಗಿ ಮಾಡಿ ತೋರಿಸಿರಬೇಕು.

ಕೊನೆಗೆ ಪ್ರಾಕ್ಟಿಕಂ, ಅಂದರೆ ಕ್ಲಿನಿಕ್ಕಿನಲ್ಲಿ ನಿಂತು ಕೆಲಸ ಕಲಿಯುವುದು. 160 ಗಂಟೆ, ಸಂಬಳವಿಲ್ಲ, ಹಗಲು ಹೊತ್ತಿನಲ್ಲೇ. ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ಒಂದು ತಿಂಗಳ ಪೂರ್ತಿ ದಿನದ ಕೆಲಸ ಅದು, ಆ ತಿಂಗಳು ಮಗುವನ್ನು ಯಾರು ನೋಡುತ್ತಾರೆ? ನಾನು 2025ರ ಬೇಸಿಗೆಗೆ ಅತ್ತೆ ಬರುವಂತೆ ಟಿಕೆಟ್ ಹೊಂದಿಸಿದ್ದೆ.

ಪ್ರಾಕ್ಟಿಕಂ ಮಾಡಿದ ಕ್ಲಿನಿಕ್ಕಿಗೆ ಒಂದು ದಿನ ಹಾಸನದ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ಬಿಪಿ ಪಟ್ಟಿ ಸುತ್ತಲು ರವಿಕೆ ತೋಳು ಬಿಗಿ, ಮೇಲೇರುತ್ತಿಲ್ಲ. ಬಟ್ಟೆಯ ಮೇಲೆಯೇ ಸುತ್ತಿದರೆ ಅಂಕಿ ತಪ್ಪು ಬರುತ್ತದೆ. "ಅಜ್ಜಿ, ಒಂದು ಗುಂಡಿ ಬಿಚ್ಚಿ ತೋಳು ಸಡಿಲ ಮಾಡ್ಕೊಳ್ಳೋಣ, ನಾನು ಪರದೆ ಎಳೀತೀನಿ" ಎಂದೆ. ಅವರು ನನ್ನ ಮುಖ ನೋಡಿ, "ಅಯ್ಯೋ, ಕನ್ನಡದ ಮಗು! ಯಾವೂರವ್ವ ನಿಂದು?" ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ತೆಗೆದ ಬಿಪಿ, ಒಳಗೆ ಬಂದ ಕೂಡಲೇ ತೆಗೆದದ್ದಕ್ಕಿಂತ ಎಷ್ಟೋ ಕಡಿಮೆ. ಆದರೆ ಡಾಕ್ಟರ್ ಬಂದು ಮಾತಾಡುವಾಗ ನಾನು ದುಭಾಷಿಯಾಗುವಂತಿಲ್ಲ. ಅರ್ಹತೆ ಪಡೆದ ದುಭಾಷಿಯೇ ಬೇಕು ಎಂಬುದು ಇಲ್ಲಿಯ ನಿಯಮ, ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆಸಿದರು. ನನಗೆ ಆ ನಿಯಮ ಸರಿ ಎನಿಸಿತು. ಔಷಧಿಯ ಪ್ರಮಾಣ ತಪ್ಪಾಗಿ ತಲುಪಿದರೆ ಅದರ ಹೊಣೆ ಸಣ್ಣದಲ್ಲ. ನಾನು ನೋಡಿದ ಕಡೆಗಳಲ್ಲಿ ಸ್ಪ್ಯಾನಿಷ್ ಪರೀಕ್ಷೆ ಪಾಸಾದವರಿಗೆ ಗಂಟೆಗೆ ಸ್ವಲ್ಪ ಹೆಚ್ಚು ಕೊಡುತ್ತಾರೆ, ಕನ್ನಡಕ್ಕೆ ಅಂಥದ್ದಿಲ್ಲ. ಇಷ್ಟೊಂದು ಅಪ್ಪ ಅಮ್ಮಂದಿರು ಬಂದು ಹೋಗುವ ಈ ಊರಿನಲ್ಲಿ ಅದು ಇರಬೇಕಿತ್ತು ಎಂಬುದು ನನ್ನ ಅನಿಸಿಕೆ.

ಪ್ರಮಾಣಪತ್ರದ ಪರೀಕ್ಷೆ ಮುಗಿಯಿತು, ಮಗ ಟಿಕೆಗೆ ಸೇರಿದ, ನಾನು ಕೆಲಸ ಹುಡುಕಿದೆ. ಅಷ್ಟರಲ್ಲಿ ಲೆಕ್ಕ ನಮ್ಮ ಕಡೆ ವಾಲಿತ್ತು. ಎಸ್‌ಬಿ 525 ಎಂಬ ಕ್ಯಾಲಿಫೋರ್ನಿಯಾದ ಕಾನೂನು 2024ರ ಅಕ್ಟೋಬರ್ 16ರಿಂದ ಆರೋಗ್ಯ ಕ್ಷೇತ್ರದ ನೌಕರರಿಗೆ ಬೇರೆಯೇ ಕನಿಷ್ಠ ವೇತನ ತಂದಿದೆ. ಹತ್ತು ಸಾವಿರಕ್ಕೂ ಹೆಚ್ಚು ನೌಕರರಿರುವ ದೊಡ್ಡ ಆಸ್ಪತ್ರೆ ಸಮೂಹಗಳಲ್ಲಿ ಅದು ಗಂಟೆಗೆ 23ರಿಂದ ಶುರುವಾಗಿ, 2025ರ ಜುಲೈಗೆ 24 ಆಯಿತು, 2026ರ ಜುಲೈಗೆ 25. ರಾಜ್ಯದ ಸಾಮಾನ್ಯ ಕನಿಷ್ಠ ವೇತನ 2025ರಲ್ಲಿ 16.50 ಮಾತ್ರ. ಆದರೆ ಒಬ್ಬಿಬ್ಬರು ಡಾಕ್ಟರಿರುವ ಸಣ್ಣ ಕ್ಲಿನಿಕ್‌ಗಳು ಈ ಕಾನೂನಿನ ಕೆಳಗೆ ಬರುವುದಿಲ್ಲ. ಮನೆ ಹತ್ತಿರದ ಸಣ್ಣ ಕ್ಲಿನಿಕ್ ಕರೆದರೂ ನಾನು ದೊಡ್ಡ ಸಮೂಹದ ಕ್ಲಿನಿಕ್ಕಿಗೇ ಕಾದೆ. 24 ಡಾಲರ್ ಎಂದರೆ ತೆರಿಗೆ ಹೋಗಿ ತಿಂಗಳಿಗೆ 2,496. ಶಾಲೆಯ ನಂತರದ ಆರೈಕೆ, ಎರಡನೇ ಕಾರು ಕಳೆದರೆ 1,400ರ ಹತ್ತಿರ ಉಳಿಯುತ್ತಿದೆ. ಕೋರ್ಸಿಗೆ ಹಾಕಿದ ಎಲ್ಲ ದುಡ್ಡು ಎರಡು ತಿಂಗಳಲ್ಲಿ ವಾಪಸ್ ಬಂತು.

ಒಂದು ಅಪಾಯ ಮಾತ್ರ ನಮ್ಮ ಕೈಯಲ್ಲಿಲ್ಲ. ಎಚ್-4ನವರ ಕೆಲಸದ ಪರವಾನಗಿ 2015ರ ಮೇ 26ರಿಂದ ಇದೆ, ಗಂಡನ ಐ-140, ಅಂದರೆ ಕಂಪನಿ ಹಾಕುವ ಗ್ರೀನ್ ಕಾರ್ಡ್ ಕೋರಿಕೆ, ಮಂಜೂರಾಗಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯದು ತಾನಾಗಿ ಮುಂದುವರಿಯುವ ಸೌಲಭ್ಯ ಇತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಅದನ್ನು ತೆಗೆದುಹಾಕಿದರು. ಹೊಸ ಕಾರ್ಡ್ ತಡವಾದರೆ ಕೆಲಸ ನಿಲ್ಲಿಸಿ ಕೂರಬೇಕು. 19,000 ಸಾಲ ಮಾಡಿ ಓದಿದವಳು ಆ ತಿಂಗಳುಗಳ ಕಂತು ಎಲ್ಲಿಂದ ಕಟ್ಟಬೇಕು? ಎಚ್-4ನಲ್ಲಿರುವವರು ಸಾಲದ ಮೇಲೆ ಓದಲೇಬಾರದು ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಈ ಕಾರಣಕ್ಕೆ.

ಈ ಕೆಲಸದಲ್ಲೇ ಇಪ್ಪತ್ತು ವರ್ಷ ಇರುವ ಯೋಚನೆ ನನಗಿಲ್ಲ. ಸಂಬಳ ಬೇಗ ಮೇಲಕ್ಕೆ ಮುಟ್ಟಿ ನಿಲ್ಲುತ್ತದೆ. ನೋಂದಾಯಿತ ನರ್ಸ್‌ಗಳ ಮಧ್ಯಮ ವೇತನ 2024ರಲ್ಲಿ 93,600, ನಮ್ಮದರ ಎರಡು ಪಟ್ಟಿಗಿಂತ ಮೇಲೆ. ಮೆಡಿಕಲ್ ಅಸಿಸ್ಟಿಂಗ್‌ನ ಯೂನಿಟ್‌ಗಳು ನರ್ಸಿಂಗಿಗೆ ಲೆಕ್ಕಕ್ಕೆ ಬರುವುದಿಲ್ಲ, ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಬೇರೆಯಾಗಿಯೇ ಓದಬೇಕು. ನನ್ನ ಉದ್ಯೋಗದಾತರು ಓದಿನ ಖರ್ಚು ಕೊಡುತ್ತಾರೆ, ವರ್ಷಕ್ಕೆ 5,250 ಡಾಲರ್‌ವರೆಗೆ ಅಂಥ ನೆರವಿಗೆ ತೆರಿಗೆಯೂ ಇಲ್ಲ. ಈ ಸೆಮಿಸ್ಟರಿಗೆ ಅನಾಟಮಿಗೆ ಹೆಸರು ಹಚ್ಚಿದ್ದೇನೆ, ಮಂಗಳವಾರ ಮತ್ತು ಗುರುವಾರ ಸಂಜೆ, ಅದೇ ಕಾಲೇಜು, ಅದೇ 46 ಡಾಲರ್.